ಬೂಟ್ ಆಯ್ಕೆಗಳ ದಾಖಲೆ ಕೋಡ್‌ನೊಂದಿಗೆ ಸದಾ ತಾಳೆಯಾಗುವಂತೆ ನೋಡಿಕೊಳ್ಳುವುದು: ಸಮಗ್ರ ಮಾರ್ಗದರ್ಶಿ

ಕಂಪ್ಯೂಟರ್ ಏಳದೆ ಹೋದಾಗ, ಹೊಸ ಹಾರ್ಡ್‌ವೇರ್ ಸರಿಯಾಗಿ ಸ್ಪಂದಿಸದಿದ್ದಾಗ ಅಥವಾ ಭದ್ರತಾ ದೋಷವೊಂದರ ಪರಿಹಾರವನ್ನು ಬದಲಿಸಬೇಕಾದಾಗ ನಿರ್ವಾಹಕರು ಕೈಹಾಕುವುದು ಬೂಟ್ ಆಯ್ಕೆಗಳಿಗೆ, ಅಂದರೆ ಯಂತ್ರ ಏಳುವಾಗ ಕರ್ನೆಲ್ಲಿಗೆ (ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ) ಕೊಡುವ ಸೂಚನಾಪದಗಳಿಗೆ. ಆ ಹೊತ್ತಿನಲ್ಲಿ ಎದುರಿಗಿರುವುದು ಕರ್ನೆಲ್ಲನ್ನು ಚಾಲೂ ಮಾಡುವ ಬೂಟ್‌ಲೋಡರಿನ ಒಂದು ಸಾಲು ಮಾತ್ರ. ಆ ಸಾಲಿನಲ್ಲಿ ಏನು ಬರೆಯಬೇಕೆಂಬುದನ್ನು ದಾಖಲೆಯೇ ಹೇಳಬೇಕು. ಉಳಿದ ತಂತ್ರಾಂಶಗಳಲ್ಲಿ ತಪ್ಪು ಆಯ್ಕೆ ಕೊಟ್ಟರೆ ದೋಷಸಂದೇಶ ಬಂದು ಕೆಲಸ ನಿಲ್ಲುತ್ತದೆ. ಲಿನಕ್ಸ್ ಕರ್ನೆಲ್ ಹಾಗಲ್ಲ. ತನಗೆ ಗೊತ್ತಿಲ್ಲದ ಪದ ಕಂಡರೆ ಅದನ್ನು ತಿರಸ್ಕರಿಸದೆ, ಮೊದಲು ಓಡುವ ಬಳಕೆದಾರ ಪ್ರಕ್ರಿಯೆಯಾದ ಇನಿಟ್‌ಗೆ ದಾಟಿಸಿ ಮುಂದೆ ಸಾಗುತ್ತದೆ. ಹೀಗಾಗಿ ದಾಖಲೆಯಲ್ಲಿ ಒಂದಕ್ಷರ ತಪ್ಪಿದ್ದರೂ ಯಂತ್ರ ಏನೂ ಆಗಿಲ್ಲವೆಂಬಂತೆ ಏಳುತ್ತದೆ, ಓದುಗನು ತಾನು ಕೊಟ್ಟ ಆಯ್ಕೆ ಜಾರಿಗೆ ಬಂದಿದೆಯೆಂದೇ ನಂಬುತ್ತಾನೆ.

ಈ ಮಾರ್ಗದರ್ಶಿಯು ಲಿನಕ್ಸ್ ಕರ್ನೆಲ್ಲನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದೆ. ದಾಖಲೆಯ ಏಕರೂಪತೆ ಎಂದಾಗ ಬಹಳ ಮಂದಿಗೆ ಹೊಳೆಯುವುದು ಕಾಗುಣಿತ, ಅಂಚು, ಅಕ್ಷರಾನುಕ್ರಮ. ಅವು ಬೇಕು, ಆದರೆ ಅವು ಸಾಧನಗಳಷ್ಟೇ. ದಾಖಲೆಗೆ ಕಟ್ಟುನಿಟ್ಟಾದ ರೂಪವಿರಬೇಕಾದದ್ದು ಚಂದಕ್ಕಾಗಿ ಅಲ್ಲ, ಅದನ್ನು ಕೋಡ್‌ನೊಂದಿಗೆ ಯಾಂತ್ರಿಕವಾಗಿ ತಾಳೆ ನೋಡಲು ಸಾಧ್ಯವಾಗಲಿ ಎಂಬ ಕಾರಣಕ್ಕೆ. ಕೆಳಗಿನ ಹಂತಗಳೆಲ್ಲ ಈ ತಿಳಿವಳಿಕೆಯ ಮೇಲೆಯೇ ನಿಂತಿವೆ.

ಸಾಲನ್ನು ಓದುವವರು ಯಾರೆಂದು ಮೊದಲು ಗೊತ್ತುಮಾಡಿಕೊಳ್ಳಿ

ಬೂಟ್ ಸಾಲು ಒಂದೇ, ಓದುವವರು ಹಲವರು. ಬೂಟ್‌ಲೋಡರ್ ಅದನ್ನು ಕಟ್ಟುತ್ತದೆ. ಕರ್ನೆಲ್ ತನ್ನ ಪಾಲಿನ ಪದಗಳನ್ನು ಆರಿಸಿಕೊಳ್ಳುತ್ತದೆ. ಡ್ರಾಕಟ್‌ನಂತಹ ಆರಂಭಿಕ ರಾಮ್‌ಡಿಸ್ಕ್ (ಮುಖ್ಯ ಡಿಸ್ಕ್ ಸಿಗುವ ಮುನ್ನ ಮೆಮೊರಿಯಲ್ಲಿ ಬಳಸುವ ತಾತ್ಕಾಲಿಕ ಫೈಲ್‌ವ್ಯವಸ್ಥೆ) ವ್ಯವಸ್ಥೆಗಳು 'ಆರ್‌ಡಿ.' ಎಂಬ ಮುನ್ನೊತ್ತು (ಹೆಸರಿನ ಮುಂಭಾಗ) ಇರುವ ಪದಗಳನ್ನು ಹುಡುಕುತ್ತವೆ. ಬಹಳಷ್ಟು ಲಿನಕ್ಸ್ ವಿತರಣೆಗಳಲ್ಲಿ ಇನಿಟ್ ಆಗಿ ಓಡುವ ಸಿಸ್ಟಮ್‌ಡಿ 'ಸಿಸ್ಟಮ್‌ಡಿ.' ಎಂದು ಆರಂಭವಾಗುವ ಪದಗಳನ್ನು ಓದುವುದಲ್ಲದೆ 'ಕ್ವೈಟ್' ಮುಂತಾದ ಕರ್ನೆಲ್ ಪದಗಳನ್ನೂ ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದೇ ಪದಕ್ಕೆ ಇಬ್ಬರು ಓದುಗರಿದ್ದರೆ ಏನಾಗುತ್ತದೆ ಎಂಬುದಕ್ಕೆ 2014ರಲ್ಲಿ 'ಡೀಬಗ್' ಪದದ ಸುತ್ತ ಕರ್ನೆಲ್ ಮತ್ತು ಸಿಸ್ಟಮ್‌ಡಿ ಬೆಳವಣಿಗಾರರ ನಡುವೆ ನಡೆದ ಜಟಾಪಟಿಯೇ ನಿದರ್ಶನ. ಕರ್ನೆಲ್ಲಿನ ಸಂದೇಶಗಳನ್ನು ಹೆಚ್ಚಿಸಲು ಕೊಟ್ಟ ಪದ ಸಿಸ್ಟಮ್‌ಡಿಯ ಸಂದೇಶಗಳನ್ನೂ ಹೆಚ್ಚಿಸಿ ಲಾಗ್ ತುಂಬಿಹೋಗುತ್ತಿತ್ತು.

ಆದ್ದರಿಂದ ಕೆಲಸ ಆರಂಭಿಸುವ ಮೊದಲು ನಿಮ್ಮ ದಾಖಲೆ ಯಾವ ಓದುಗನ ಪರವಾಗಿ ಮಾತನಾಡುತ್ತದೆ ಎಂಬುದನ್ನು ಅದರ ಮೊದಲ ಪುಟದಲ್ಲೇ ಬರೆದಿಡಿ. ಕರ್ನೆಲ್ಲಿನ ಮಟ್ಟಿಗೆ ಅಧಿಕೃತ ನೆಲೆಯೆಂದರೆ ಡಾಕ್ಯುಮೆಂಟೇಷನ್ ಕೋಶದ ಅಡ್ಮಿನ್-ಗೈಡ್ ಭಾಗದಲ್ಲಿರುವ ಕರ್ನೆಲ್-ಪ್ಯಾರಾಮೀಟರ್ಸ್ ಫೈಲು. ಸಿಸ್ಟಮ್‌ಡಿಗೆ ಅದರದ್ದೇ ಆದ ಕರ್ನೆಲ್-ಕಮಾಂಡ್-ಲೈನ್ ಮ್ಯಾನ್ (ಕೈಪಿಡಿ) ಪುಟವಿದೆ, ಡ್ರಾಕಟ್‌ಗೂ ಬೇರೆಯದೇ ಪುಟವಿದೆ. ಇನ್ನೊಬ್ಬ ಓದುಗನ ಆಯ್ಕೆಗಳನ್ನು ನಿಮ್ಮ ಫೈಲಿನಲ್ಲಿ ವಿವರಿಸಹೊರಡಬೇಡಿ. ಅವರ ಕೋಡ್ ಬದಲಾದದ್ದು ನಿಮ್ಮ ಕಿವಿಗೆ ಬೀಳುವುದೇ ಇಲ್ಲ.

ಸಾಲಿನ ಸಾಮಾನ್ಯ ನಿಯಮಗಳನ್ನು ಇಲ್ಲಿಯೇ ಒಮ್ಮೆ ಹೇಳಿ ಮುಗಿಸುವುದು ಒಳ್ಳೆಯದು. ಆಯ್ಕೆಯ ಹೆಸರಿನಲ್ಲಿ ಅಡ್ಡಗೆರೆಗೂ ಅಡಿಗೆರೆಗೂ ಕರ್ನೆಲ್ ಭೇದವೆಣಿಸುವುದಿಲ್ಲ. 'ಲಾಗ್_ಬಫ್_ಲೆನ್' ಎಂದರೂ 'ಲಾಗ್-ಬಫ್-ಲೆನ್' ಎಂದರೂ ಒಂದೇ. ಖಾಲಿ ಜಾಗವಿರುವ ಮೌಲ್ಯವನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ಸಾಲಿನಲ್ಲಿ ಎರಡು ಅಡ್ಡಗೆರೆಗಳು ಒಂಟಿಯಾಗಿ ಬಂದರೆ ಅಲ್ಲಿಂದಾಚೆಗಿನದೆಲ್ಲ ಇನಿಟ್‌ನ ಪಾಲು. ಗಾತ್ರಕ್ಕೆ ಕೆ, ಎಂ, ಜಿ ಪ್ರತ್ಯಯಗಳನ್ನು ಒಪ್ಪುವ ಕಡೆ ಅವುಗಳ ಅರ್ಥ ಕ್ರಮವಾಗಿ 2ರ 10, 20, 30ನೆಯ ಘಾತ. ಆಯ್ಕೆಗಳ ಸಂಖ್ಯೆಗೆ ಮಿತಿಯಿಲ್ಲವಾದರೂ ಇಡೀ ಸಾಲಿನ ಉದ್ದಕ್ಕೆ ಆರ್ಕಿಟೆಕ್ಚರಿನ (ಪ್ರೊಸೆಸರ್ ಬಗೆಯ) ಮಿತಿಯಿದೆ; ಇಂಟೆಲ್, ಎಎಂಡಿ ಯಂತ್ರಗಳ ಎಕ್ಸ್86ರಲ್ಲಿ ಅದು 2048 ಅಕ್ಷರ. ಇಂಥ ನಿಯಮಗಳನ್ನು ಪ್ರತಿ ನಮೂದಿನಲ್ಲೂ ಮತ್ತೆ ಮತ್ತೆ ಬರೆಯುತ್ತ ಹೋದರೆ, ಮುಂದೊಂದು ದಿನ ಅರ್ಧ ಕಡೆ ತಿದ್ದಿ ಅರ್ಧ ಕಡೆ ಬಿಟ್ಟಿರುವುದು ಖಂಡಿತ.

ಕೋಡ್‌ನಿಂದ ಪಟ್ಟಿ ತೆಗೆಯಿರಿ

ಎರಡನೆಯ ಹಂತವೇ ಇಡೀ ಕೆಲಸದ ಬೆನ್ನೆಲುಬು. ದಾಖಲೆಯನ್ನು ಓದುತ್ತಾ ತಪ್ಪು ಹುಡುಕುವುದಕ್ಕಿಂತ, ಕೋಡ್ ನಿಜವಾಗಿ ಯಾವ ಪದಗಳನ್ನು ಒಪ್ಪುತ್ತದೆ ಎಂಬ ಪಟ್ಟಿಯನ್ನು ಕೋಡ್‌ನಿಂದಲೇ ತೆಗೆದು ದಾಖಲೆಯ ಪಕ್ಕದಲ್ಲಿಡುವುದು ಹೆಚ್ಚು ಫಲ ಕೊಡುತ್ತದೆ. ಕರ್ನೆಲ್ಲಿನಲ್ಲಿ ಬೂಟ್ ಆಯ್ಕೆಗಳು ಮುಖ್ಯವಾಗಿ ನಾಲ್ಕು ಮ್ಯಾಕ್ರೊಗಳ (ಕೋಡ್‌ನಲ್ಲಿ ಬಳಸುವ ಸಿದ್ಧ ಸೂತ್ರಗಳ) ಮೂಲಕ ನೋಂದಣಿಯಾಗುತ್ತವೆ: '__ಸೆಟಪ್', 'ಅರ್ಲಿ_ಪ್ಯಾರಮ್', 'ಕೋರ್_ಪ್ಯಾರಮ್' ಮತ್ತು 'ಮಾಡ್ಯೂಲ್_ಪ್ಯಾರಮ್' ಬಳಗ. ಮೊದಲಿನ ಮೂರರಲ್ಲಿ ಹೆಸರು ಆವರಣದೊಳಗೆ ನೇರವಾಗಿ ಸಿಗುತ್ತದೆ. ಕೋಡ್‌ನ ಇತಿಹಾಸ ಕಾಪಾಡುವ ಗಿಟ್ ತಂತ್ರಾಂಶದ ಗ್ರೆಪ್ (ಪದ ಹುಡುಕುವ) ಆಜ್ಞೆಗೆ ಈ ಮ್ಯಾಕ್ರೊಗಳ ಹೆಸರನ್ನೂ ತೆರೆದ ಆವರಣವನ್ನೂ ಕೊಟ್ಟು, ಹೊಂದಿದ ತುಣುಕನ್ನಷ್ಟೇ ಮುದ್ರಿಸುವಂತೆ ಹೇಳಿದರೆ ಕಚ್ಚಾ ಪಟ್ಟಿ ಸಿದ್ಧವಾಗುತ್ತದೆ.

ಕಚ್ಚಾ ಪಟ್ಟಿಯನ್ನು ಹಾಗೆಯೇ ಬಳಸಬೇಡಿ. '__ಸೆಟಪ್'ನಲ್ಲಿ ಹೆಸರಿನ ಕೊನೆಗೆ ಸಮ ಚಿಹ್ನೆ ಸೇರಿರುವುದು ವಾಡಿಕೆ; 'ಅರ್ಲಿ_ಪ್ಯಾರಮ್'ನಲ್ಲಿ ಮೌಲ್ಯ ಪಡೆಯುವ 'ಮೆಮ್' ಸಹ ಸಮ ಚಿಹ್ನೆಯಿಲ್ಲದೆ ಇರುತ್ತದೆ, ದಾಖಲೆಯಲ್ಲಿ ಮಾತ್ರ 'ಮೆಮ್=' ಎಂದೇ ಬರುತ್ತದೆ. ಹೀಗಾಗಿ ತಾಳೆಗೆ ಮೊದಲು ಎರಡೂ ಪಟ್ಟಿಗಳಲ್ಲಿ ಕೊನೆಯ ಸಮ ಚಿಹ್ನೆಯನ್ನು ಕತ್ತರಿಸಿ, ಅಡ್ಡಗೆರೆಗಳನ್ನೆಲ್ಲ ಅಡಿಗೆರೆಗಳಾಗಿಸಿ. ದೊಡ್ಡಕ್ಷರ ಸಣ್ಣಕ್ಷರಗಳನ್ನು ಮಾತ್ರ ಮುಟ್ಟಬೇಡಿ. ದಾಖಲೆಯ ಅನುಕ್ರಮವನ್ನು ಜೋಡಿಸುವಾಗ ಆ ಭೇದವನ್ನು ಕಡೆಗಣಿಸಬೇಕೆಂಬ ನಿಯಮವಿದೆ, ನಿಜ. ಆದರೆ ಕರ್ನೆಲ್ ಹೆಸರನ್ನು ಹೋಲಿಸುವಾಗ ಆ ಭೇದವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಮಾಡ್ಯೂಲ್‌ಗಳ, ಅಂದರೆ ಕರ್ನೆಲ್ಲಿಗೆ ಬೇಕೆಂದಾಗ ಸೇರಿಸಬಹುದಾದ ತುಣುಕುಗಳ, ಪಟ್ಟಿ ಇಷ್ಟು ಸಲೀಸಲ್ಲ. ಕರ್ನೆಲ್ಲಿನೊಳಗೇ ಸೇರಿಸಿ ಕಟ್ಟಿದ ಮಾಡ್ಯೂಲಿನ ಆಯ್ಕೆಗೆ ಬೂಟ್ ಸಾಲಿನಲ್ಲಿ ಮಾಡ್ಯೂಲಿನ ಹೆಸರು, ಚುಕ್ಕಿ, ಆಯ್ಕೆಯ ಹೆಸರು ಎಂಬ ರೂಪವಿರುತ್ತದೆ. ಆ ಮುನ್ನೊತ್ತು ಸಾಮಾನ್ಯವಾಗಿ ಮಾಡ್ಯೂಲಿನ ಹೆಸರಿನಿಂದಲೇ ಬರುತ್ತದೆ, ಆದರೆ ಬರಲೇಬೇಕೆಂದಿಲ್ಲ. ಕರ್ನೆಲ್ಲಿನ ಆರ್‌ಸಿಯು (ಹಂಚಿಕೊಂಡ ದತ್ತಾಂಶವನ್ನು ಬೀಗವಿಲ್ಲದೆ ಓದಲು ನೆರವಾಗುವ) ಉಪವ್ಯವಸ್ಥೆಯ 'ಟ್ರೀ.ಸಿ' ಎಂಬ ಫೈಲನ್ನು ನೋಡಿದರೆ, ಅಲ್ಲಿ ಮುನ್ನೊತ್ತನ್ನು 'ಆರ್‌ಸಿಯುಟ್ರೀ.' ಎಂದು ಕೈಯಾರೆ ಮರುವ್ಯಾಖ್ಯಾನಿಸಲಾಗಿದೆ. ಫೈಲಿನ ಹೆಸರನ್ನೇ ನಂಬಿದ ಸ್ಕ್ರಿಪ್ಟ್ 'ಟ್ರೀ.' ಎಂದು ಬರೆದುಕೊಂಡು, ದಾಖಲೆಯಲ್ಲಿರುವ ಸರಿಯಾದ ನಮೂದುಗಳನ್ನೆಲ್ಲ ತಪ್ಪೆಂದು ವರದಿ ಮಾಡುತ್ತದೆ. ಆದ್ದರಿಂದ ಮಾಡ್ಯೂಲ್‌ಗಳ ಮಟ್ಟಿಗೆ ಮೂಲ ಫೈಲುಗಳನ್ನು ಜಾಲಾಡುವ ಬದಲು ಕಟ್ಟಿದ ಕರ್ನೆಲ್ಲಿನಿಂದ ಮಾಹಿತಿ ಪಡೆಯುವುದು ಮೇಲು: 'ಮಾಡ್‌ಇನ್ಫೊ' ಆಜ್ಞೆ ಪ್ರತಿ ಮಾಡ್ಯೂಲಿನ ಆಯ್ಕೆಗಳನ್ನೂ ಅವುಗಳ ಕಿರುವಿವರಣೆಯನ್ನೂ ಕೊಡುತ್ತದೆ. ಓಡುತ್ತಿರುವ ಯಂತ್ರದಲ್ಲಾದರೆ ಕರ್ನೆಲ್ಲಿನ ಸ್ಥಿತಿಯನ್ನು ಫೈಲುಗಳಂತೆ ತೋರಿಸುವ ಸಿಸ್ ಫೈಲ್‌ವ್ಯವಸ್ಥೆಯ ಮಾಡ್ಯೂಲ್ ಕೋಶದಲ್ಲಿ ಪ್ಯಾರಾಮೀಟರ್ಸ್ ಎಂಬ ಉಪಕೋಶಗಳು ಕಾಣುತ್ತವೆ. ಅನುಮತಿಯನ್ನು ಸೊನ್ನೆಯಾಗಿಟ್ಟ ಆಯ್ಕೆಗಳು ಮಾತ್ರ ಅಲ್ಲಿ ಕಾಣಿಸಿಕೊಳ್ಳುವುದಿಲ್ಲ ಎಂಬುದು ನೆನಪಿರಲಿ.

ಇನ್ನು ಯಾವ ಮ್ಯಾಕ್ರೊಗೂ ಕಾಯದೆ ಸಾಲನ್ನು ನೇರವಾಗಿ ಓದುವ ಕೋಡ್ ಕೂಡ ಇದೆ. ಕರ್ನೆಲ್ಲಿನ ವಿಳಾಸಗಳನ್ನು ಯಾದೃಚ್ಛಿಕವಾಗಿ ಜರುಗಿಸುವುದನ್ನು ತಡೆಯುವ 'ನೋಕೆಎಎಸ್‌ಎಲ್‌ಆರ್' ಆಯ್ಕೆಯನ್ನು ಎಕ್ಸ್86ರಲ್ಲಿ ಗಮನಿಸುವುದು, ಸಂಕುಚಿತ ಕರ್ನೆಲ್ ಬಿಚ್ಚಿಕೊಳ್ಳುವ ಹಂತದಲ್ಲಿಯೇ. ಮುಖ್ಯ ಕರ್ನೆಲ್ ಇನ್ನೂ ಓಡಲು ಆರಂಭಿಸದ ಆ ಹೊತ್ತಿನಲ್ಲಿ ಮ್ಯಾಕ್ರೊಗಳ ಕೋಷ್ಟಕಕ್ಕೆ ಅರ್ಥವಿಲ್ಲ. ಎಕ್ಸ್86ರಲ್ಲಿ ಇಂತಹ ಕೋಡ್ ಬಳಸುವ 'ಸಿಎಂಡಿಲೈನ್_ಫೈಂಡ್_ಆಪ್ಷನ್' ಹೆಸರಿನ ಫಂಕ್ಷನ್‌ಗಳನ್ನು ಪ್ರತ್ಯೇಕವಾಗಿ ಹುಡುಕಿ ನಿಮ್ಮ ಪಟ್ಟಿಗೆ ಸೇರಿಸಿ.

ತಾಳೆ ನೋಡಿ, ವ್ಯತ್ಯಾಸಗಳನ್ನು ವಿಂಗಡಿಸಿ

ದಾಖಲೆಯ ಪಟ್ಟಿ ತೆಗೆಯುವುದು ಸುಲಭ, ಏಕೆಂದರೆ ಆ ಫೈಲಿಗೆ ಕಟ್ಟುನಿಟ್ಟಾದ ರೂಪವಿದೆ. ಆಯ್ಕೆಯ ಹೆಸರು ಒಂದೇ ಟ್ಯಾಬ್ ಬಿಟ್ಟು ಆರಂಭವಾಗುತ್ತದೆ, ವಿವರಣೆಯ ಸಾಲುಗಳು ಅದಕ್ಕಿಂತ ಒಳಗಿರುತ್ತವೆ. ಟ್ಯಾಬ್ ಬದಲು ಖಾಲಿ ಜಾಗ ಹಾಕಿದ ಒಂದು ಪ್ಯಾಚ್ (ಸಲ್ಲಿಸಿದ ತಿದ್ದುಪಡಿ) ಓದುಗನ ಕಣ್ಣಿಗೆ ಏನೂ ಅನ್ನಿಸದಿದ್ದರೂ ಈ ತಾಳೆಯನ್ನು ಕೆಡಿಸುತ್ತದೆ. ಅಂಚಿನ ಬಗ್ಗೆ ಪರಿಶೀಲಕರು ತಕರಾರು ಮಾಡುವುದು ಹಟಕ್ಕಲ್ಲ.

ಎರಡು ಪಟ್ಟಿಗಳನ್ನು ಹೋಲಿಸಿದಾಗ ಎರಡು ಬಗೆಯ ಶೇಷ ಉಳಿಯುತ್ತದೆ. ಕೋಡ್‌ನಲ್ಲಿದ್ದು ದಾಖಲೆಯಲ್ಲಿಲ್ಲದವು ಮೊದಲ ಬಗೆ. ಇವೆಲ್ಲವೂ ಲೋಪಗಳೆಂದು ತೀರ್ಮಾನಿಸಿ ಸರಸರನೆ ನಮೂದು ಬರೆಯತೊಡಗಬೇಡಿ. ಕೆಲವಕ್ಕೆ ಆಯಾ ಉಪವ್ಯವಸ್ಥೆಯ ಫೈಲಿನಲ್ಲಿ ವಿವರಣೆ ಇರುತ್ತದೆ, ಕೆಲವು ಹಳೆಯ ಹೆಸರಿನ ಪರ್ಯಾಯ ರೂಪಗಳು, ಇನ್ನು ಕೆಲವು ಪರೀಕ್ಷಾ ಕೋಡ್‌ಗೆ ಸೇರಿದವು. ದಾಖಲೆಯಲ್ಲಿದ್ದು ಕೋಡ್‌ನಲ್ಲಿಲ್ಲದವು ಎರಡನೆಯ ಬಗೆ, ನನ್ನ ಮಟ್ಟಿಗೆ ಹೆಚ್ಚು ಅಪಾಯಕಾರಿಯಾದವು. ದಾಖಲೆಯಿಲ್ಲದ ಆಯ್ಕೆಯಿಂದ ಓದುಗನಿಗೆ ಒಂದು ಅನುಕೂಲ ತಪ್ಪುತ್ತದೆ ಅಷ್ಟೆ. ಇಲ್ಲದ ಆಯ್ಕೆಯ ದಾಖಲೆಯಿಂದ ಅವನಿಗೆ ಇಲ್ಲದ ರಕ್ಷಣೆ ಇದೆಯೆಂಬ ಭ್ರಮೆ ಹುಟ್ಟುತ್ತದೆ. ಸಮಯ ಕಡಿಮೆಯಿದ್ದರೆ ಈ ಎರಡನೆಯ ಪಟ್ಟಿಯಿಂದಲೇ ಆರಂಭಿಸಿ.

ಈ ಪಟ್ಟಿಯ ಪ್ರತಿ ಹೆಸರಿಗೂ ಗಿಟ್ ಇತಿಹಾಸದಲ್ಲಿ ಆ ಪದ ಕೊನೆಯದಾಗಿ ಯಾವ ಬದಲಾವಣೆಯಲ್ಲಿ ಮಾಯವಾಯಿತು ಎಂದು ಹುಡುಕಿ. ಗಿಟ್ ಲಾಗ್‌ನ ದೊಡ್ಡಕ್ಷರದ 'ಎಸ್' ಆಯ್ಕೆ ಒಂದು ಪದ ಎಷ್ಟು ಸಲ ಬರುತ್ತದೆಂಬ ಸಂಖ್ಯೆ ಬದಲಾದ ಕಮಿಟ್‌ಗಳನ್ನಷ್ಟೇ (ಇತಿಹಾಸದಲ್ಲಿ ದಾಖಲಾದ ಬದಲಾವಣೆಗಳನ್ನಷ್ಟೇ) ತೋರಿಸುತ್ತದೆ. ಕೋಡ್ ತೆಗೆದ ಕಮಿಟ್ ಸಿಕ್ಕರೆ ಆಯ್ಕೆ ಏಕೆ ಹೋಯಿತು, ಅದರ ಜಾಗಕ್ಕೆ ಏನು ಬಂತು ಎಂಬುದು ಅಲ್ಲೇ ತಿಳಿಯುತ್ತದೆ, ನಿಮ್ಮ ಪ್ಯಾಚಿನ ವಿವರಣೆಯಲ್ಲಿ ಆ ಕಮಿಟನ್ನು ಉಲ್ಲೇಖಿಸಬಹುದು. ಸಿಗದಿದ್ದರೆ ನಿಮ್ಮ ಸ್ಕ್ರಿಪ್ಟೇ ಏನನ್ನೋ ಬಿಟ್ಟಿರುವ ಸಾಧ್ಯತೆ ಹೆಚ್ಚು, ಅಳಿಸಲು ಅವಸರ ಬೇಡ.

ನಮೂದಿನ ರೂಪ

ಪ್ರತಿ ನಮೂದಿನಲ್ಲಿ ಹೆಸರು, ಚೌಕಾವರಣದೊಳಗೆ ಅನ್ವಯದ ಗುರುತುಗಳು, ಮೌಲ್ಯದ ರೂಪ, ಪ್ರತಿ ಮೌಲ್ಯದ ಪರಿಣಾಮ ಮತ್ತು ಡೀಫಾಲ್ಟ್ (ಏನೂ ಕೊಡದಿದ್ದಾಗಿನ ಮೌಲ್ಯ) ಇರಬೇಕು. ಅನ್ವಯದ ಗುರುತುಗಳೆಂದರೆ ಕರ್ನೆಲ್ಲಿನ ಆರಂಭಿಕ ಆಯ್ಕೆಗೆ 'ಕೆಎನ್‌ಎಲ್', ಜಾಲಕ್ಕೆ 'ನೆಟ್', ಆಯಾ ಆರ್ಕಿಟೆಕ್ಚರಿಗೆ 'ಎಕ್ಸ್86' ಅಥವಾ 'ಎಆರ್‌ಎಂ64' ಹೀಗೆ. ಇವುಗಳಲ್ಲಿ 'ಅರ್ಲಿ' ಎಂಬ ಗುರುತು ನಮ್ಮ ಉದ್ದೇಶಕ್ಕೆ ವಿಶೇಷ. ಆಯ್ಕೆಯು ಬಹಳ ಬೇಗ ಓದಲ್ಪಡುವುದರಿಂದ ಅದನ್ನು ಆರಂಭಿಕ ರಾಮ್‌ಡಿಸ್ಕಿಗೆ ಅಂಟಿಸಿದ ಬೂಟ್‌ಕಾನ್ಫಿಗ್ ಎಂಬ ಆಯ್ಕೆಗಳ ಫೈಲಿನಲ್ಲಿ ಇಟ್ಟರೆ ಉಪಯೋಗವಿಲ್ಲ ಎಂಬುದನ್ನು ಅದು ಸೂಚಿಸುತ್ತದೆ. ಕೋಡ್‌ನಲ್ಲಿ 'ಅರ್ಲಿ_ಪ್ಯಾರಮ್' ಇದ್ದರೆ ದಾಖಲೆಯಲ್ಲಿ ಈ ಗುರುತು ಇರಲೇಬೇಕು. ಅಂದರೆ ಇದನ್ನು ಬರೆಯುವವನ ನೆನಪಿಗೆ ಬಿಡಬೇಕಾಗಿಲ್ಲ. ಎರಡನೆಯ ಹಂತದ ಪಟ್ಟಿಯಲ್ಲಿ ಮ್ಯಾಕ್ರೊದ ಹೆಸರನ್ನೂ ಉಳಿಸಿಕೊಂಡಿದ್ದರೆ ಸ್ಕ್ರಿಪ್ಟೇ ತಾಳೆ ನೋಡುತ್ತದೆ.

ಮೌಲ್ಯದ ರೂಪವನ್ನು ಊಹಿಸಿ ಬರೆಯಬೇಡಿ, ಅದನ್ನು ಓದುವ ಫಂಕ್ಷನ್ನನ್ನು ತೆರೆದು ನೋಡಿ. ಒಂದು ಆಯ್ಕೆ ಕರ್ನೆಲ್ಲಿನ ಸಾಮಾನ್ಯ ಬೂಲಿಯನ್ (ಹೌದು-ಇಲ್ಲ) ಪಾರ್ಸರ್, ಅಂದರೆ ಮೌಲ್ಯ ಓದುವ ಕೋಡ್, ಬಳಸಿದ್ದರೆ 0, 1 ಮಾತ್ರವಲ್ಲದೆ ವೈ, ಎನ್, ಆನ್, ಆಫ್‌ಗಳನ್ನೂ ಒಪ್ಪುತ್ತದೆ. ಪೂರ್ಣಾಂಕದ ಪಾರ್ಸರ್ ಬಳಸಿದ್ದರೆ 'ಆನ್' ಎಂದರೆ ಅದಕ್ಕೆ ಅರ್ಥವಾಗದು. ದಾಖಲೆಯಲ್ಲಿ ಎರಡಕ್ಕೂ 'ಬೂಲಿಯನ್' ಎಂದೇ ಬರೆದಿದ್ದರೆ ಓದುವವನಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

'ಪ್ಯಾನಿಕ್=' ಆಯ್ಕೆಯನ್ನು ಹತ್ತಿರದಿಂದ ನೋಡೋಣ. ಕರ್ನೆಲ್ ಮಾರಕ ದೋಷಕ್ಕೆ ಸಿಕ್ಕಾಗ ಏನು ಮಾಡಬೇಕೆಂಬುದನ್ನು ಇದು ನಿರ್ಧರಿಸುತ್ತದೆ. 'ಪ್ಯಾನಿಕ್ ಆದ ಮೇಲೆ ಮರುಬೂಟ್ ಮಾಡುವ ಸಮಯ' ಎಂದು ಒಂದು ಸಾಲು ಬರೆದು ಮುಗಿಸಿದರೆ ನೋಡುವುದಕ್ಕೆ ಸಾಕೆನಿಸಬಹುದು, ಆದರೆ ಸಾಲದು. ಮೌಲ್ಯ ಸೊನ್ನೆಗಿಂತ ಹೆಚ್ಚಿದ್ದರೆ ಅಷ್ಟು ಸೆಕೆಂಡುಗಳ ನಂತರ ಮರುಬೂಟ್. ಸೊನ್ನೆಯಾದರೆ ಮರುಬೂಟ್ ಇಲ್ಲದೆ ಕಾಯುತ್ತಲೇ ಇರುವುದು. ಸೊನ್ನೆಗಿಂತ ಕಡಿಮೆಯಿದ್ದರೆ ತಡಮಾಡದೆ ಮರುಬೂಟ್. ಸೊನ್ನೆ ಎಂದರೆ 'ತಕ್ಷಣ' ಎಂದು ಅರ್ಥಮಾಡಿಕೊಳ್ಳುವುದು ಯಾರಿಗಾದರೂ ಸಹಜ, ಅದು ನಿಜವಾದ ಅರ್ಥಕ್ಕೆ ತದ್ವಿರುದ್ಧ. ದೂರದ ಕೊಠಡಿಯಲ್ಲಿರುವ ಸರ್ವರ್ ತಾನಾಗಿ ಏಳಲೆಂದು ಸೊನ್ನೆ ಕೊಟ್ಟವನ ಯಂತ್ರ ಯಾರಾದರೂ ಹೋಗಿ ಮುಟ್ಟುವವರೆಗೆ ಸುಮ್ಮನೆ ನಿಂತಿರುತ್ತದೆ. ಕರ್ನೆಲ್ಲಿನ ದಾಖಲೆ ಈ ಮೂರು ಸ್ಥಿತಿಗಳನ್ನೂ ಮೂರು ಸಾಲುಗಳಲ್ಲಿ ಬಿಡಿಸಿಟ್ಟಿರುವುದು ಇದಕ್ಕಾಗಿಯೇ. ಸಂಖ್ಯೆ ಪಡೆಯುವ ಯಾವುದೇ ಆಯ್ಕೆಗೆ ಸೊನ್ನೆ, ಋಣಸಂಖ್ಯೆ ಮತ್ತು ಖಾಲಿ ಮೌಲ್ಯಗಳ ಅರ್ಥವನ್ನು ಪ್ರತ್ಯೇಕವಾಗಿ ಪರಿಶೀಲಿಸುವುದನ್ನು ರೂಢಿ ಮಾಡಿಕೊಳ್ಳಿ.

ಅನುಕ್ರಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿರಾಮಚಿಹ್ನೆಗಳನ್ನು ಕಡೆಗಣಿಸಿ, ಅಂಕಿಗಳನ್ನು ಅಕ್ಷರಗಳಿಗಿಂತ ಮೊದಲಿಟ್ಟು, ದೊಡ್ಡಕ್ಷರ ಸಣ್ಣಕ್ಷರ ಭೇದವಿಲ್ಲದೆ ನಿಘಂಟಿನ ಕ್ರಮದಲ್ಲಿ ಜೋಡಿಸಬೇಕೆಂದು ಫೈಲಿನ ಮುನ್ನುಡಿಯೇ ಹೇಳುತ್ತದೆ. ತಪ್ಪು ಜಾಗದಲ್ಲಿರುವ ನಮೂದು ಕಣ್ಣಿಗೆ ಬೀಳದೆ ಇನ್ನೊಬ್ಬರು ಅದನ್ನೇ ಮತ್ತೆ ಬರೆಯುತ್ತಾರೆ. ಕ್ರಮದ ಮುಖ್ಯ ಪ್ರಯೋಜನ ಈ ನಕಲುಗಳನ್ನು ತಡೆಯುವುದು.

ಡೀಫಾಲ್ಟ್ ಯಾರು ನಿರ್ಧರಿಸುತ್ತಾರೆ?

ದಾಖಲೆಗಳಲ್ಲಿ ಬೇಗನೆ ಹಳತಾಗುವ ಮಾತೆಂದರೆ ಡೀಫಾಲ್ಟ್ ಮೌಲ್ಯ. ಕಾರಣ ಸರಳ: ಬಹಳಷ್ಟು ಆಯ್ಕೆಗಳಿಗೆ ಒಂದೇ ಡೀಫಾಲ್ಟ್ ಎಂಬುದು ಇಲ್ಲ. 'ಪ್ಯಾನಿಕ್='ನ ಆರಂಭಿಕ ಮೌಲ್ಯ, ಕರ್ನೆಲ್ ಕಟ್ಟುವಾಗ ಕಾನ್ಫಿಗ್_ಪ್ಯಾನಿಕ್_ಟೈಮ್‌ಔಟ್‌ಗೆ ಏನು ಕೊಡಲಾಗಿತ್ತೋ ಅದು. ನೆನಪಿನ ಪುಟಗಳನ್ನು ಹಂಚುವಾಗಲೇ ಸೊನ್ನೆ ತುಂಬುವ 'ಇನಿಟ್_ಆನ್_ಅಲಾಕ್=' ಆಯ್ಕೆಯ ಡೀಫಾಲ್ಟ್ ಸಹ ಕಾನ್ಫಿಗರೇಷನ್ನಿನಿಂದಲೇ ಬರುತ್ತದೆ. 'ಟ್ರಾನ್ಸ್‌ಪರೆಂಟ್_ಹ್ಯೂಜ್‌ಪೇಜ್='ನದೂ ಅದೇ ಕಥೆ. ವಿತರಣೆಯಿಂದ ವಿತರಣೆಗೆ ಕಾನ್ಫಿಗರೇಷನ್ ಬೇರೆ, ಆದ್ದರಿಂದ 'ಡೀಫಾಲ್ಟ್: ಆಫ್' ಎಂಬ ವಾಕ್ಯ ಒಬ್ಬನ ಯಂತ್ರದಲ್ಲಿ ಸತ್ಯ, ಇನ್ನೊಬ್ಬನದರಲ್ಲಿ ಸುಳ್ಳು.

ಹೀಗಾಗಿ ಡೀಫಾಲ್ಟನ್ನು ಬರೆಯುವಾಗ ಮೌಲ್ಯಕ್ಕಿಂತ ಮೊದಲು ಅದನ್ನು ನಿರ್ಧರಿಸುವುದು ಯಾವುದೆಂದು ಬರೆಯಿರಿ. ಕೋಡ್‌ನಲ್ಲಿ ನೇರವಾಗಿ ಕೂತಿರುವ ಮೌಲ್ಯವಾದರೆ ಆ ಮೌಲ್ಯವನ್ನೇ ಕೊಡಿ. ಕಾನ್ಫಿಗರೇಷನ್ನಿನಿಂದ ಬರುವುದಾದರೆ ಆ ಚಿಹ್ನೆಯ ಪೂರ್ಣ ಹೆಸರು ಕೊಟ್ಟು ಅಲ್ಲಿಗೆ ಬಿಡಿ. ಹಾರ್ಡ್‌ವೇರನ್ನು ನೋಡಿ ಕರ್ನೆಲ್ಲೇ ತೀರ್ಮಾನಿಸುವುದಾದರೆ ಹಾಗೆಂದೇ ಹೇಳಿ, ತೀರ್ಮಾನವಾದ ಮೌಲ್ಯವನ್ನು ಓಡುತ್ತಿರುವ ಯಂತ್ರದಲ್ಲಿ ಎಲ್ಲಿ ನೋಡಬಹುದೆಂದು ತಿಳಿಸಿ. ಸ್ಪೆಕ್ಟರ್, ಎಂಡಿಎಸ್ ಮುಂತಾದ ಪ್ರೊಸೆಸರ್ ದೋಷಗಳ ಪರಿಹಾರಗಳಿಗೆ ಸಿಸ್ ಫೈಲ್‌ವ್ಯವಸ್ಥೆಯಲ್ಲಿ ಸಿಪಿಯು ಕೋಶದ ವಲ್ನರಬಿಲಿಟೀಸ್ ಎಂಬ ಜಾಗವಿದೆ. ಅದನ್ನು ಸೂಚಿಸಿದರೆ ನಿಮ್ಮ ದಾಖಲೆ ಎಷ್ಟೇ ಹಳೆಯದಾದರೂ ಓದುಗನಿಗೆ ಇಂದಿನ ಉತ್ತರ ಸಿಗುತ್ತದೆ.

ಒಂದಕ್ಕೊಂದು ತಗುಲಿಕೊಂಡ ಆಯ್ಕೆಗಳು

ಒಂದೊಂದು ನಮೂದೂ ತನ್ನಷ್ಟಕ್ಕೆ ಸರಿಯಿದ್ದು, ಎಲ್ಲವನ್ನೂ ಒಟ್ಟಿಗೆ ಓದಿದಾಗ ತಪ್ಪು ಅರ್ಥ ಬರುವ ಸಂದರ್ಭಗಳಿವೆ. 'ಎಂಡಿಎಸ್=ಆಫ್' ಎಂದು ಕೊಟ್ಟವನು ಆ ಪರಿಹಾರ ನಿಂತಿತೆಂದುಕೊಳ್ಳುತ್ತಾನೆ. ಆದರೆ ಎಂಡಿಎಸ್‌ನಂತೆಯೇ ಪ್ರೊಸೆಸರಿನಿಂದ ಮಾಹಿತಿ ಸೋರುವ ಟಿಎಎ ದೋಷವೂ ಇರುವ ಪ್ರೊಸೆಸರುಗಳಲ್ಲಿ ಎರಡೂ ದೋಷಗಳಿಗೆ ಒಂದೇ ತಂತ್ರದಿಂದ ಪರಿಹಾರವಿರುವುದರಿಂದ, 'ಟಿಎಸ್‌ಎಕ್ಸ್_ಅಸಿಂಕ್_ಅಬಾರ್ಟ್=ಆಫ್' ಎಂಬುದನ್ನೂ ಕೊಡದೆ ಅದು ನಿಲ್ಲದು. ಕರ್ನೆಲ್ ದಾಖಲೆಯಲ್ಲಿ ಈ ಎಚ್ಚರಿಕೆ ಎರಡೂ ನಮೂದುಗಳಲ್ಲಿದೆ, ಇರಬೇಕಾದದ್ದೂ ಹಾಗೆಯೇ: ಓದುಗನು ಯಾವ ಕಡೆಯಿಂದ ಬಂದರೂ ಇನ್ನೊಂದರ ಸುಳಿವು ಸಿಗಬೇಕು. ಅಡ್ಡ ಉಲ್ಲೇಖ ಒಂದೇ ದಿಕ್ಕಿನಲ್ಲಿದ್ದರೆ ಅದನ್ನು ಅಪೂರ್ಣವೆಂದೇ ಎಣಿಸಿ.

ಹೋಲುವ ಹೆಸರುಗಳೂ ಇಂಥ ಆರೈಕೆ ಬೇಡುತ್ತವೆ. 'ಮ್ಯಾಕ್ಸ್‌ಸಿಪಿಯುಸ್=' ಬೂಟ್ ಆಗುವಾಗ ಎಷ್ಟು ಪ್ರೊಸೆಸರುಗಳನ್ನು ಎಬ್ಬಿಸಬೇಕೆಂದು ಹೇಳುತ್ತದೆ, ಉಳಿದವನ್ನು ಆಮೇಲೆ ಚಾಲೂ ಮಾಡಬಹುದು. 'ಎನ್‌ಆರ್_ಸಿಪಿಯುಸ್=' ಹಾಕುವ ಮಿತಿಯನ್ನು ಆಮೇಲೆ ಮೀರಲಾಗದು. ಎರಡೂ ನಮೂದುಗಳಲ್ಲಿ ಈ ಭೇದ ಒಂದೇ ಪದಗಳಲ್ಲಿ ಬರಬೇಕು.

ಕ್ರಮ ಮತ್ತು ಪುನರಾವೃತ್ತಿ ಇನ್ನೊಂದು ಜಾಗ. ದೊಡ್ಡ ಗಾತ್ರದ ನೆನಪಿನ ಪುಟಗಳು ಎಷ್ಟು ಬೇಕೆಂದು ಹೇಳುವ 'ಹ್ಯೂಜ್‌ಪೇಜಸ್=' ತನಗಿಂತ ಮೊದಲು ಬಂದ 'ಹ್ಯೂಜ್‌ಪೇಜ್‌ಎಸ್‌ಝಡ್='ನ ಗಾತ್ರಕ್ಕೆ ಅನ್ವಯಿಸುತ್ತದೆ; ಜಾಗ ಅದಲುಬದಲಾದರೆ ಅರ್ಥವೇ ಬದಲಾಗುತ್ತದೆ. 'ಕನ್ಸೋಲ್=' ಹಲವು ಬಾರಿ ಬಂದರೆ ಸಂದೇಶಗಳು ಅವೆಲ್ಲಕ್ಕೂ ಹೋಗುತ್ತವೆ, ಆದರೆ ಡೆವ್ ಕೋಶದ ಕನ್ಸೋಲ್ ಸಾಧನವನ್ನು ತೆರೆದಾಗ ಸಿಗುವುದು ಕೊನೆಯದು. ಒಂದಕ್ಕಿಂತ ಹೆಚ್ಚು ಬಾರಿ ಕೊಡಬಹುದಾದ ಆಯ್ಕೆಗಳಲ್ಲಿ ಮೊದಲನೆಯದು ಉಳಿಯುತ್ತದೆಯೇ, ಕೊನೆಯದು ಉಳಿಯುತ್ತದೆಯೇ, ಎಲ್ಲವೂ ಕೂಡುತ್ತವೆಯೇ ಎಂಬುದನ್ನು ಬರೆಯದ ನಮೂದು ಅರ್ಧ ನಮೂದು.

ಪ್ರತಿ ಆಯ್ಕೆಗೂ ಒಂದೇ ನೆಲೆ

ಒಂದೇ ಆಯ್ಕೆಯ ಪೂರ್ಣ ವಿವರಣೆ ಎರಡು ಫೈಲುಗಳಲ್ಲಿದ್ದರೆ ಕಾಲಕ್ರಮೇಣ ಅವು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆಯತೊಡಗುತ್ತವೆ. ಎಕ್ಸ್86-64ಕ್ಕೆ ಮಾತ್ರ ಸೇರಿದ ಆಯ್ಕೆಗಳು ಬಹಳ ವರ್ಷಗಳ ಕಾಲ ಬೂಟ್-ಆಪ್ಷನ್ಸ್ ಎಂಬ ಬೇರೆಯೇ ಫೈಲಿನಲ್ಲಿದ್ದವು. ಮುಖ್ಯ ಫೈಲಿನಲ್ಲಿ 'ಎಂಸಿಇ='ಯಂತಹ ಹೆಸರಿನ ಎದುರು 'ಆ ಫೈಲನ್ನು ನೋಡಿ' ಎಂಬ ಸೂಚನೆ ಇರುತ್ತಿತ್ತು. ಕೊನೆಗೆ ಆ ಪ್ರತ್ಯೇಕ ಫೈಲನ್ನು ಮುಖ್ಯ ಫೈಲಿನಲ್ಲಿ ಲೀನಗೊಳಿಸಲಾಯಿತು, ಅದು ಸರಿಯಾದ ದಾರಿಯೆಂದೇ ನನ್ನ ಅಭಿಪ್ರಾಯ. ಆರ್ಕಿಟೆಕ್ಚರನ್ನು ಸೂಚಿಸಲು ಚೌಕಾವರಣದ ಗುರುತು ಇರುವಾಗ ಅದಕ್ಕೆಂದೇ ಬೇರೆ ಫೈಲು ಬೇಕಾಗಿಲ್ಲ.

ಇಂತಹ ವಿಲೀನಕ್ಕೆ ನೀವೇ ಕೈಹಾಕುವುದಾದರೆ ಕ್ರಮ ಹೀಗಿರಲಿ. ಮೊದಲು ಎರಡೂ ಫೈಲುಗಳಲ್ಲಿರುವ ಆಯ್ಕೆಗಳನ್ನು ಗುರುತಿಸಿ, ಎರಡು ವಿವರಣೆಗಳು ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಕೋಡ್ ಓದಿ ತೀರ್ಪು ಕೊಡಿ. ಯಾವುದು ಚೆನ್ನಾಗಿ ಬರೆದಿದೆ ಎಂಬುದು ತೀರ್ಪಿನ ಆಧಾರವಾಗಬಾರದು. ನಂತರ ಕೋಡ್ ಇಲ್ಲದ ನಮೂದುಗಳನ್ನು ಅಳಿಸಿ. ಆಮೇಲೆ ಪಠ್ಯವನ್ನು ಬದಲಿಸದೆ ಜಾಗ ಮಾತ್ರ ಬದಲಿಸಿ. ಕೊನೆಯಲ್ಲಿ ಭಾಷೆ ತಿದ್ದಿ. ಈ ನಾಲ್ಕೂ ಪ್ರತ್ಯೇಕ ಪ್ಯಾಚ್‌ಗಳಾಗಿರಲಿ, ಏಕೆಂದರೆ ಸ್ಥಳಾಂತರವೂ ತಿದ್ದುಪಡಿಯೂ ಒಂದೇ ಪ್ಯಾಚಿನಲ್ಲಿ ಬೆರೆತರೆ ಪರಿಶೀಲಕನಿಗೆ ಯಾವ ಪದ ಬದಲಾಯಿತೆಂದು ಕಾಣುವುದಿಲ್ಲ. ಹಳೆಯ ಫೈಲನ್ನು ಉಲ್ಲೇಖಿಸುವ ಜಾಗಗಳು ಉಳಿದಿವೆಯೇ ಎಂದು ನೋಡಲು ಕರ್ನೆಲ್ಲಿನ ಸ್ಕ್ರಿಪ್ಟ್ಸ್ ಕೋಶದಲ್ಲಿದ್ದ ಡಾಕ್ಯುಮೆಂಟೇಷನ್-ಫೈಲ್-ರೆಫ್-ಚೆಕ್‌ನಂತಹ ಉಪಕರಣ ಬಳಸಿ.

ದೀರ್ಘ ಹಿನ್ನೆಲೆ ಬೇಡುವ ವಿಷಯಗಳಿಗೆ ಮಾತ್ರ ಬೇರೆ ಪುಟ ನ್ಯಾಯವಾದದ್ದು. ಪ್ರೊಸೆಸರ್ ದೋಷಗಳ ಬಗೆಗಿನ ಎಚ್‌ಡಬ್ಲ್ಯು-ವಲ್ನ್ ಪುಟಗಳು ಅಂಥವು. ದೋಷ ಹೇಗೆ ಉಂಟಾಗುತ್ತದೆ, ಯಾರಿಗೆ ಅಪಾಯ ಎಂಬುದು ಅಲ್ಲಿರಲಿ; ಆಯ್ಕೆ ಒಪ್ಪುವ ಮೌಲ್ಯಗಳಿಗೆ ಮುಖ್ಯ ಫೈಲೇ ಪ್ರಮಾಣವಾಗಲಿ. ವಾಸ್ತವದಲ್ಲಿ ಮೌಲ್ಯಗಳ ಕೋಷ್ಟಕ ಎರಡೂ ಕಡೆ ಇರುವುದುಂಟು. ಅದನ್ನು ತೆಗೆಸಲಾಗದಿದ್ದರೆ, ಒಂದನ್ನು ತಿದ್ದುವ ಪ್ಯಾಚ್ ಇನ್ನೊಂದನ್ನೂ ತಿದ್ದಲೇಬೇಕೆಂಬ ನಿಯಮವನ್ನಾದರೂ ಪಾಲಿಸಿ.

ಆಯ್ಕೆ ತೆಗೆದಾಗ

ಕೋಡ್‌ನಿಂದ ಆಯ್ಕೆ ಹೋದ ದಿನವೇ ನಮೂದೂ ಹೋಗಬೇಕೇ? ನಿರ್ವಾಹಕರ ಬೂಟ್ ಸಾಲುಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲಾಗುತ್ತ ವರ್ಷಗಟ್ಟಲೆ ಬದುಕುತ್ತವೆ. ಆ ಪದ ಏನೆಂದು ಹುಡುಕಿದವನಿಗೆ ಏನೂ ಸಿಗದಿದ್ದರೆ ಅವನು ಅದನ್ನು ಅಳಿಸಲು ಹೆದರುತ್ತಾನೆ. ಬಹಳ ಬಳಕೆಯಲ್ಲಿದ್ದ ಆಯ್ಕೆಯಾದರೆ, ಅದಕ್ಕೀಗ ಪರಿಣಾಮವಿಲ್ಲವೆಂಬುದನ್ನೂ ಬದಲಿ ಯಾವುದೆಂಬುದನ್ನೂ ಹೇಳುವ ಒಂದು ಸಾಲನ್ನು ಕೆಲಕಾಲ ಉಳಿಸುವುದು ಲೇಸು, ಕೋಡ್‌ನಲ್ಲೂ ಆ ಪದ ಕಂಡಾಗ ಎಚ್ಚರಿಕೆ ಮುದ್ರಿಸುವ ಪುಟ್ಟ ಫಂಕ್ಷನ್ ಉಳಿದರೆ ಇನ್ನೂ ಒಳ್ಳೆಯದು. ವಿರಳ ಬಳಕೆಯವನ್ನು ಸಂಕೋಚವಿಲ್ಲದೆ ಅಳಿಸಿ.

ನಮೂದನ್ನು ಯಂತ್ರದ ಮುಂದೆ ಇಟ್ಟು ನೋಡಿ

ಬರೆದ ಪ್ರತಿ ವಾಕ್ಯವನ್ನೂ ಒಮ್ಮೆ ಬೂಟ್ ಮಾಡಿ ಪರೀಕ್ಷಿಸಬಹುದು, ಅದಕ್ಕೆ ನಿಜವಾದ ಯಂತ್ರವೇ ಬೇಕೆಂದಿಲ್ಲ. ಯಂತ್ರವನ್ನು ಅನುಕರಿಸುವ ಕ್ಯೂಎಂಯು ತಂತ್ರಾಂಶಕ್ಕೆ ಕರ್ನೆಲ್ ಫೈಲನ್ನು ನೇರವಾಗಿ ಕೊಟ್ಟು, ಅದರ 'ಅಪೆಂಡ್' ಆಯ್ಕೆಯಲ್ಲಿ ಬೂಟ್ ಸಾಲನ್ನು ಬರೆದರೆ ಕೆಲವೇ ಕ್ಷಣಗಳಲ್ಲಿ ಫಲಿತಾಂಶ ಕಾಣುತ್ತದೆ. ಕರ್ನೆಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಎರಡು ಸಾಲುಗಳನ್ನು ನೋಡಿ: ಕರ್ನೆಲ್ಲಿಗೆ ತಲುಪಿದ ಪೂರ್ಣ ಸಾಲು ಒಂದು, ಈಚಿನ ಕರ್ನೆಲ್‌ಗಳಲ್ಲಿ, ಗುರುತಿಸಲಾಗದೆ ಬಳಕೆದಾರ ವಲಯಕ್ಕೆ ದಾಟಿಸಿದ ಪದಗಳನ್ನು ಹೆಸರಿಸುವ ಎಚ್ಚರಿಕೆ ಇನ್ನೊಂದು. ನೀವು ದಾಖಲಿಸಿದ ಆಯ್ಕೆ ಆ ಎರಡನೆಯ ಸಾಲಿನಲ್ಲಿ ಕಂಡರೆ ಏನೋ ಎಡವಟ್ಟಾಗಿದೆ.

ಅಂತಹ ಎಡವಟ್ಟು ಯಾವಾಗಲೂ ದಾಖಲೆಯದ್ದೇ ಆಗಿರಬೇಕೆಂದಿಲ್ಲ. '__ಸೆಟಪ್'ನ ಫಂಕ್ಷನ್ ತಾನು ಪದವನ್ನು ನಿಭಾಯಿಸಿದೆನೆಂದು ಹೇಳಲು 1ನ್ನು ಹಿಂದಿರುಗಿಸಬೇಕು. 'ಅರ್ಲಿ_ಪ್ಯಾರಮ್'ನದು ಯಶಸ್ಸಿಗೆ 0ಯನ್ನು ಹಿಂದಿರುಗಿಸಬೇಕು. ಎರಡೂ ನೋಡಲು ಒಂದೇ ರೀತಿ ಇರುವುದರಿಂದ '__ಸೆಟಪ್'ನಲ್ಲಿ 0 ಹಿಂದಿರುಗಿಸಿದ ಕೋಡ್ ಹಲವು ಕಡೆ ಸಿಕ್ಕಿದ್ದುಂಟು. ಆಗ ಆಯ್ಕೆ ಕೆಲಸವನ್ನೇನೋ ಮಾಡುತ್ತದೆ, ಆದರೂ ಗೊತ್ತಿಲ್ಲದ ಪದಗಳ ಪಟ್ಟಿಗೆ ಸೇರಿ ಇನಿಟ್‌ಗೂ ಹೋಗುತ್ತದೆ. ದಾಖಲೆ ಬರೆಯುವವರ ಕಣ್ಣಿಗೆ ಬಿದ್ದ ಇಂಥ ದೋಷಗಳನ್ನು ಕೋಡ್‌ನ ನಿರ್ವಾಹಕರಿಗೆ ತಿದ್ದುಪಡಿಯ ರೂಪದಲ್ಲಿ ಕಳಿಸಿ, ದಾಖಲೆಯಲ್ಲಿ ದೋಷವನ್ನು ವರ್ಣಿಸಿ ಸುಮ್ಮನಾಗಬೇಡಿ.

ಪರೀಕ್ಷೆಯ ಯಂತ್ರದಲ್ಲಿ ಪ್ರೋಕ್ ಕೋಶದ ಸಿಎಂಡಿಲೈನ್ ಫೈಲನ್ನೂ ಓದಿ. ಕೆಲವು ಕರ್ನೆಲ್‌ಗಳನ್ನು ಕಟ್ಟುವಾಗಲೇ ಒಂದು ಬೂಟ್ ಸಾಲನ್ನು ಒಳಗಿಟ್ಟಿರುತ್ತಾರೆ, ಅದು ಬೂಟ್‌ಲೋಡರ್ ಕೊಟ್ಟ ಸಾಲಿಗೆ ಕೂಡಿಕೊಳ್ಳಬಹುದು ಅಥವಾ ಅದನ್ನು ಪೂರ್ತಿ ಬದಿಗೊತ್ತಬಹುದು. ಗ್ರಬ್ ಎಂಬ ಬೂಟ್‌ಲೋಡರ್ ಬಳಸುವ ವಿತರಣೆಗಳಲ್ಲಿ 'ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡೀಫಾಲ್ಟ್'ನಲ್ಲಿ ಬರೆದದ್ದು ರಿಕವರಿ ನಮೂದುಗಳಿಗೆ ಅನ್ವಯಿಸುವುದಿಲ್ಲ. ಕೊನೆಯಲ್ಲಿ 'ಡೀಫಾಲ್ಟ್' ಇಲ್ಲದ ಹೆಸರಿನಲ್ಲಿ ಬರೆದದ್ದು ಎಲ್ಲಕ್ಕೂ ಅನ್ವಯಿಸುತ್ತದೆ.

ಪ್ಯಾಚ್ ಕಳಿಸುವಾಗ ಮತ್ತು ಅದರಾಚೆ

ಹೊಸ ಬೂಟ್ ಆಯ್ಕೆಗಳೆಲ್ಲ ಕರ್ನೆಲ್-ಪ್ಯಾರಾಮೀಟರ್ಸ್‌ನಲ್ಲಿ ದಾಖಲಾಗಿರಬೇಕು, ಹೊಸ ಮಾಡ್ಯೂಲ್ ಆಯ್ಕೆಗಳಿಗೆ 'ಮಾಡ್ಯೂಲ್_ಪಾರ್ಮ್_ಡೆಸ್ಕ್' ಎಂಬ ಕಿರುವಿವರಣೆ ಇರಬೇಕು ಎಂದು ಕರ್ನೆಲ್ಲಿನ ಸಲ್ಲಿಕೆಯ ತಪಾಸಣಾ ಪಟ್ಟಿ ಸ್ಪಷ್ಟವಾಗಿಯೇ ಹೇಳುತ್ತದೆ. ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಕೂಡ ಹೊಸ '__ಸೆಟಪ್' ಕಂಡಾಗ ಆ ಹೆಸರು ದಾಖಲೆಯಲ್ಲಿದೆಯೇ ಎಂದು ಹುಡುಕಿ, ಇಲ್ಲದಿದ್ದರೆ ಎಚ್ಚರಿಸುತ್ತದೆ. ಆದರೆ ಅದು ನೋಡುವುದು ಹೆಸರು ಇದೆಯೇ ಎಂಬುದನ್ನಷ್ಟೇ. ಮೌಲ್ಯಗಳು ಸರಿಯೇ, ಡೀಫಾಲ್ಟ್ ಸರಿಯೇ ಎಂಬುದು ಅದರ ವ್ಯಾಪ್ತಿಗೆ ಹೊರಗಿನದು, ಅದರ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು.

ಕೋಡ್ ಮತ್ತು ದಾಖಲೆಯ ಬದಲಾವಣೆಗಳು ಒಂದೇ ಪ್ಯಾಚ್ ಸರಣಿಯಲ್ಲಿ ಹೋಗಲಿ. 'ದಾಖಲೆ ಆಮೇಲೆ' ಎಂದು ಬಿಟ್ಟದ್ದು ಬಹುಪಾಲು ಬರುವುದೇ ಇಲ್ಲ. ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಹೇಳುವ ಉಪವ್ಯವಸ್ಥೆಯ ನಿರ್ವಾಹಕರಿಗೂ ದಾಖಲೆಯ ನಿರ್ವಾಹಕರಿಗೂ ಪ್ರತಿ ಕಳಿಸಿ. ಅರ್ಥದ ಬಗ್ಗೆ ಕೊನೆಯ ಮಾತು ಮೊದಲನೆಯವರದು, ರೂಪದ ಬಗ್ಗೆ ಎರಡನೆಯವರದು. ಕಳಿಸುವ ಮೊದಲು ಎಚ್‌ಟಿಎಂಎಲ್ ದಾಖಲೆಗಳನ್ನೊಮ್ಮೆ ಕಟ್ಟಿ ನೋಡಿದರೆ ಅಂಚು ಕೆಟ್ಟಿರುವುದು, ಕೊಂಡಿ ತುಂಡಾಗಿರುವುದು ಬೆಳಕಿಗೆ ಬರುತ್ತದೆ.

ಎರಡನೆಯ ಮತ್ತು ಮೂರನೆಯ ಹಂತಗಳಲ್ಲಿ ಬರೆದ ತಾಳೆಯ ಸ್ಕ್ರಿಪ್ಟನ್ನು ಎಸೆಯಬೇಡಿ, ಪ್ರತಿ ಬಿಡುಗಡೆಯ ಮುನ್ನ ಓಡಿಸಿ. ಅದರ ಜೊತೆಗೆ ಒಂದು ವಿನಾಯಿತಿ ಪಟ್ಟಿ ಇರಲಿ: ಬೇರೆಡೆ ದಾಖಲಾದವು, ಪರೀಕ್ಷಾ ಕೋಡಿನವು, ಮ್ಯಾಕ್ರೊ ಇಲ್ಲದೆ ಓದಲ್ಪಡುವವು. ಪ್ರತಿ ವಿನಾಯಿತಿಯ ಎದುರಿಗೆ ಕಾರಣವನ್ನೂ, ಆ ಕಾರಣವನ್ನು ಸಮರ್ಥಿಸುವ ಫೈಲಿನ ಹೆಸರನ್ನೂ ಬರೆಯಿರಿ. ಆ ಫೈಲು ಇಲ್ಲವಾದಾಗ ವಿನಾಯಿತಿಯೂ ತಾನಾಗಿ ರದ್ದಾಗುವಂತೆ ಸ್ಕ್ರಿಪ್ಟ್ ಬರೆದರೆ, ಪಟ್ಟಿ ಬೆಳೆಯುತ್ತ ಹೋಗಿ ಅದೇ ಇನ್ನೊಂದು ಹಳಸಿದ ದಾಖಲೆಯಾಗುವುದು ತಪ್ಪುತ್ತದೆ.